ಹಲ್ಲಿನ ಹುಳ ತೆಗೆಯುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ

ಕಾರವಾರದ ರವಿವಾರದ ಸಂತೆಗೆ ಹೋಗುವವರು ದಯವಿಟ್ಟು ಇದನ್ನು ಓದಿ. ಸಂತೆಯ ಬದಿಯಲ್ಲಿ ಕೆಂಡ, ಕರಟ, ನೀರಿನ ತಟ್ಟೆ ಇಟ್ಟುಕೊಂಡು 'ಹಲ್ಲಿನ ಹುಳ ತೆಗೆಯುತ್ತೇನೆ' ಎಂದು ಕೂರುವವನೊಬ್ಬ ನಮ್ಮ ಆಯಿಗೆ ಮಾಡಿದ್ದು ಮೋಸ. ಹಾಡಹಗಲಿನ ಮೋಸ.

ಆಯಿಗೆ ದವಡೆ ಹಲ್ಲಿನ ನೋವು. ಲವಂಗ ಕಚ್ಚಿ, ಉಪ್ಪುನೀರು ಮುಕ್ಕಳಿಸಿ ರಾತ್ರಿ ಕಳೆಯುತ್ತಿದ್ದಳು. ದಂತವೈದ್ಯರ ಮಾತೆತ್ತಿದರೆ ಕಿತ್ತೇ ಬಿಡುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆಯನ್ನೇ ಅವನು ಹಿಡಿದುಕೊಂಡ. "ಅಮ್ಮಾ, ಕೀಳುವುದೇನೂ ಬೇಡ, ಹುಳ ಹೋದರೆ ನೋವು ಹೋಯಿತು. ತಂಗೀ, ನೀನೇ ಕಣ್ಣಾರೆ ನೋಡು" ಎಂದ. ದರ ಕೇಳಿ: ಒಂದು ಹುಳಕ್ಕೆ 50 ರೂಪಾಯಿ!

ನೀರಿನ ತಟ್ಟೆಯ ನಡುವೆ ಕಾದ ಕಬ್ಬಿಣದ ತುಂಡು ಇಟ್ಟ. ಅದರ ಮೇಲೆ ಎಣ್ಣೆ ಸವರಿದ ಗುಳ್ಳದ (ಬದನೆ ಜಾತಿಯ ಗಿಡ) ಬೀಜ ಸುರಿದು, ತೂತು ಮಾಡಿದ ಕರಟ ಮುಚ್ಚಿ, ಏಳುವ ಹೊಗೆಗೆ ಆಯಿಯ ಬಾಯಿ ಒಡ್ಡಿಸಿದ. ಆಯಿ ಕೆಮ್ಮುತ್ತಿದ್ದಳು, ಕಣ್ಣಲ್ಲಿ ನೀರು. ಕರಟ ತೆಗೆದಾಗ ತಟ್ಟೆಯಲ್ಲಿ ಸಣ್ಣ ಬಿಳಿ ಎಳೆಗಳು ತೇಲುತ್ತಿದ್ದವು. ಕಡ್ಡಿಯಿಂದ ಒಂದೊಂದಾಗಿ ಎತ್ತಿ ತೋರಿಸಿ ಎಣಿಸಿದ. ಸುತ್ತ ನಿಂತವರು 'ಅಬ್ಬಾ' ಎಂದರು. ನಾನು ಹಣ ಎಣಿಸಿದೆ. ಉಳಿದ ಹುಳಕ್ಕೆ ಮನೆಯಲ್ಲಿ ಹೊಗೆ ಹಾಕಿಕೊಳ್ಳಿ ಎಂದು ಬೀಜದ ಪೊಟ್ಟಣಕ್ಕೆ ಬೇರೆ 100 ರೂಪಾಯಿ ಕಿತ್ತುಕೊಂಡ.

ಊರು ಮುಟ್ಟಿದ ಮೇಲೆ ಆಯಿಯ ಕೆನ್ನೆ ಊದಿತು. ಕಣ್ಣಿನ ಕೆಳಗಿನವರೆಗೆ ಊದಿತು. ಗಂಜಿ ನುಂಗಲೂ ಆಗುತ್ತಿಲ್ಲ. ಅವನಿಗೆ ಫೋನ್ ಮಾಡಿದರೆ, "ಊದಿದರೆ ಒಳ್ಳೆಯದೇ, ನಂಜು ಹೊರಗೆ ಬರುತ್ತಿದೆ" ಎಂದ. ಜ್ವರವೂ ಬಂದಿದೆ ಎಂದೆ. "ತಾಯಿ ಹುಳ ಒಳಗೇ ಉಳಿದಿರಬೇಕು, ಮುಂದಿನ ವಾರ ಕರೆದುಕೊಂಡು ಬನ್ನಿ." ನನ್ನ ದನಿ ಏರಿದಾಗ, "ನಾನು ನಿಮ್ಮನ್ನು ಕೈ ಹಿಡಿದು ಎಳೆದೆನೇ? ನೀವಾಗಿಯೇ ಬಂದಿರಿ." ಆಮೇಲೆ ಫೋನ್ ಎತ್ತಲೇ ಇಲ್ಲ.

ದಂತವೈದ್ಯೆ ನೋಡಿದ ಕೂಡಲೇ ಹೇಳಿದರು: ಬೇರಿನ ತುದಿಯಲ್ಲಿ ಕೀವು ಕಟ್ಟಿದೆ. ಹಲ್ಲಿನಲ್ಲಿ ಹುಳ ಎಂಬುದೇ ಇಲ್ಲ, ನಾವು ತಿನ್ನುವ ಸಿಹಿಯಿಂದ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸಿ ಹಲ್ಲನ್ನು ಕೊರೆಯುತ್ತವೆ. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಷಾರ್ 1728ರಲ್ಲೇ ಈ ಹುಳದ ಕತೆಯನ್ನು ತಳ್ಳಿಹಾಕಿದ್ದ ಎಂದು ಆಮೇಲೆ ಓದಿದೆ. ಓದಿ ಇನ್ನಷ್ಟು ಸಿಟ್ಟು ಬಂತು. ಯಾವ ಹಲ್ಲು ಕೀಳುತ್ತಾರೆಂದು ಆಯಿ ಹೆದರಿದ್ದಳೋ ಆ ಹಲ್ಲು ಕೊನೆಗೆ ಹೋಯಿತು.

ಮನೆಯಲ್ಲಿ ಅದೇ ಪೊಟ್ಟಣದ ಬೀಜವನ್ನು ಅವನು ಮಾಡಿದ ಹಾಗೆಯೇ ಕಾದ ಕಬ್ಬಿಣದ ಮೇಲೆ ಹಾಕಿ ನೋಡಿದೆ. ಹತ್ತಿರ ಯಾರ ಬಾಯಿಯೂ ಇರಲಿಲ್ಲ. ನೀರಿನಲ್ಲಿ ಅವೇ ಬಿಳಿ ಎಳೆಗಳು! ಬೀಜ ಸಿಡಿದಾಗ ಹೊರಬರುವ ಎಳೆ ಅದು. ಒಂದೊಂದು ಬೀಜಕ್ಕೆ 50 ರೂಪಾಯಿ ಕೊಟ್ಟಿದ್ದೆವು. ನೆನೆದರೆ ಈಗಲೂ ಮೈ ಉರಿಯುತ್ತದೆ.

ವೈದ್ಯರ ಹತ್ತಿರ ಹೋಗುವವರೆಗೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ಕೆನ್ನೆಯ ಹೊರಗೆ ತಣ್ಣನೆಯ ಬಟ್ಟೆ ಇಡಿ, ಮೈಗೆ ಒಗ್ಗುವುದಾದರೆ ಪ್ಯಾರಾಸಿಟಮಾಲ್ ನುಂಗಿ. ಲವಂಗ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ಅಷ್ಟೇ, ಒಳಗಿನ ಕೀವನ್ನು ತೆಗೆಯುವುದಿಲ್ಲ. ನಮ್ಮ ಕಡೆ ಕೆಲವರು ಗೇರುಸಿಪ್ಪೆಯ ಎಣ್ಣೆ ಹಚ್ಚುತ್ತಾರೆ, ಅದನ್ನಂತೂ ಮುಟ್ಟಬೇಡಿ, ಒಸಡು ಸುಟ್ಟುಹೋಗುತ್ತದೆ. ಕೆನ್ನೆ ಊದಿ ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಆಗದಿದ್ದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಓಡಿ.

ಅವನು ಈಗಲೂ ಅಲ್ಲೇ ಕೂರುತ್ತಿದ್ದಾನಂತೆ. ಹಲ್ಲುನೋವಿನ ಹಿರಿಯರು ಮನೆಯಲ್ಲಿದ್ದರೆ ಮುಂದಿನ ಸಂತೆಗೆ ಮೊದಲೇ ಅವರಿಗೆ ಹೇಳಿಡಿ.