ಬಹುಭಾಷಾ ತರಗತಿಯ ಅಧ್ಯಯನ: ಸಮೀಕ್ಷೆಯೋ, ತರಗತಿ ವೀಕ್ಷಣೆಯೋ?

ಬೀದರ್, ರಾಯಚೂರು, ಕಾಸರಗೋಡಿನಂಥ ಕಡೆ ಶಾಲೆಯ ಭಾಷೆಗಳ ಬಗ್ಗೆ ಪ್ರಬಂಧ ಬರೆಯಹೊರಟವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಸಮೀಕ್ಷೆಯಿಂದ ಕಡಿಮೆ ಸಮಯದಲ್ಲಿ ಹತ್ತಾರು ಶಾಲೆಗಳನ್ನು ಹೋಲಿಸಬಹುದು. ಹಿನ್ನೆಲೆಗೆ 2011ರ ಜನಗಣತಿ ಇದೆ. ಆದರೆ ಅದರಲ್ಲಿ ಒಬ್ಬರಿಗೆ ಒಂದು ಮಾತೃಭಾಷೆ, ಹೆಚ್ಚೆಂದರೆ ಇನ್ನೆರಡು ಭಾಷೆ ಮಾತ್ರ. ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಟ್ಯೂಷನ್ನಿನಲ್ಲಿ ಇಂಗ್ಲಿಷ್ ಬಳಸುವ ಮಗು ಅಲ್ಲಿ ಪೂರ್ತಿ ಕಾಣುವುದಿಲ್ಲ.

ತರಗತಿಯಲ್ಲಿ ಕೂತರೆ ಆ ಮಗು ಕಾಣುತ್ತದೆ. ಟೀಚರ್ ಭಿನ್ನರಾಶಿಯನ್ನು ಕನ್ನಡದಲ್ಲಿ ಶುರುಮಾಡಿ ಯಾವ ಹಂತದಲ್ಲಿ ಮಕ್ಕಳ ಮಾತಿಗೆ ಹೊರಳುತ್ತಾರೆ, ಯಾರು ಪಕ್ಕದವರಿಗೆ ಪಿಸುಗುಟ್ಟಿ ಅರ್ಥ ಹೇಳುತ್ತಾರೆ, ಯಾರು ಸುಮ್ಮನಾಗುತ್ತಾರೆ: ಕಲಿಕೆ ನಡೆಯುವುದು ಅಲ್ಲೇ. ಇದಕ್ಕೆ ತಿಂಗಳುಗಳೇ ಬೇಕು, ಪೋಷಕರ ಒಪ್ಪಿಗೆ ಬೇಕು, ನಿಮಗೂ ಆ ಭಾಷೆ ತಿಳಿದಿರಬೇಕು. ಒಂದು ಶಾಲೆಯಲ್ಲಿ ಕಂಡದ್ದನ್ನು ಇಡೀ ಜಿಲ್ಲೆಯ ಮಾತೆಂದು ಹೇಳುವಂತಿಲ್ಲ.

‘ಎಷ್ಟು ಮಕ್ಕಳು’ ಎಂಬುದು ನಿಮ್ಮ ಪ್ರಶ್ನೆಯಾದರೆ ಸಮೀಕ್ಷೆ. ‘ಹೇಗೆ ಕಲಿಯುತ್ತಾರೆ’ ಎಂದಾದರೆ ತರಗತಿ. ನನ್ನ ಒಲವು ಎರಡನೆಯದಕ್ಕೇ. ಸಮೀಕ್ಷೆಯನ್ನೇ ಆರಿಸಿದರೂ ‘ಮಾತೃಭಾಷೆ ಯಾವುದು’ ಎಂದಷ್ಟೇ ಕೇಳಿ ಬಿಡಬೇಡಿ. ಅಜ್ಜಿಯ ಜೊತೆ ಯಾವ ಮಾತು, ಆಟದಲ್ಲಿ ಯಾವುದು, ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಯಾವುದು ಎಂದು ಬಿಡಿಸಿ ಕೇಳಿ.