ಮನೆಯೊಳಗಿನ ಕುಂಡಕ್ಕೆ ಕೆಂಪು ಮಣ್ಣೋ, ಕೋಕೋಪೀಟೋ?

ಒಂದೇ ಕಿಟಕಿಯ ಬಳಿ, ಒಂದೇ ಅಳತೆಯ 6 ಇಂಚಿನ ಪ್ಲಾಸ್ಟಿಕ್ ಕುಂಡಗಳಲ್ಲಿ ಮನಿ ಪ್ಲಾಂಟ್ ಮತ್ತು ಪೀಸ್ ಲಿಲಿ ಬೆಳೆಸಿ ಎರಡು ಮಿಶ್ರಣಗಳನ್ನು ಹೋಲಿಸಿದ್ದೇವೆ. ಒಂದು ನರ್ಸರಿಗಳ ಹಳೆಯ ಲೆಕ್ಕ: ಕೆಂಪು ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಸಮ. ಇನ್ನೊಂದರಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) 1, ಎರೆಹುಳು ಗೊಬ್ಬರ 1.

ಕೆಂಪು ಮಣ್ಣು ಅಗ್ಗ, ಪೋಷಕಾಂಶವನ್ನು ಹಿಡಿದಿಡುತ್ತದೆ, ತೂಕವಿರುವುದರಿಂದ ಎತ್ತರದ ಗಿಡ ವಾಲುವುದಿಲ್ಲ. ಬಿಸಿಲು ಬೀಳುವ ಬಾಲ್ಕನಿಯ ಮಣ್ಣಿನ ಕುಂಡಕ್ಕೆ ಇಂದಿಗೂ ಅದೇ ಸರಿ. ಮನೆಯೊಳಗೆ ಮಾತ್ರ ಸೋಲುತ್ತದೆ. ನೀರು ಹಾಕಿದಷ್ಟೂ ಜೇಡಿಯ ನುಣುಪು ಕಣಗಳು ಕೆಳಗಿಳಿದು ಗಾಳಿಯ ಸಂದುಗಳನ್ನು ಮುಚ್ಚುತ್ತವೆ. ಗಾಳಿ, ಬೆಳಕು ಕಡಿಮೆಯಿರುವಲ್ಲಿ ತಳದ ತೇವ ಆರುವುದೇ ಇಲ್ಲ. ಬೇರು ಕೊಳೆತು ಕೆಳಗಿನ ಎಲೆಗಳು ಹಳದಿಯಾಗುತ್ತವೆ. ನೀರು ಸಾಲದೆಂದುಕೊಂಡು ಇನ್ನೂ ಸುರಿದರೆ ಗಿಡ ಹೋದಂತೆಯೇ. ಗಾರೆಯ ನುಣ್ಣನೆ ಮರಳು ಬೆರೆಸಿದರೆ ಮಣ್ಣು ಮತ್ತಷ್ಟು ಬಿಗಿಯುತ್ತದೆ. 2ರಿಂದ 4 ಮಿಲಿಮೀಟರ್‌ನ ದಪ್ಪ ಮರಳೇ ಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ಜರಡಿ ಹಿಡಿದು, ಧೂಳು ಹೋಗುವಂತೆ ತೊಳೆಯಿರಿ.

ಕೋಕೋಪೀಟ್ ಮಿಶ್ರಣದಲ್ಲಿ ಬೇರು ಬೇಗ ಹರಡಿತು, ಹೊಸ ಎಲೆಗಳೂ ದೊಡ್ಡವಾದವು. ಆದರೆ ಒತ್ತಿ ಇಟ್ಟಿಗೆಯಂತೆ ಮಾಡಿ ಮಾರುವ ಕೋಕೋಪೀಟನ್ನು ನೆನೆಸಿ ನೇರ ಕುಂಡಕ್ಕೆ ತುಂಬಬಾರದು. 650 ಗ್ರಾಂನ ಇಂಥ ಇಟ್ಟಿಗೆ ನೆನೆದರೆ ಸುಮಾರು 8 ಲೀಟರ್ ಆಗುತ್ತದೆ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳಿರುತ್ತವೆ. ಉಳಿದುಬಿಟ್ಟರೆ ಎಲೆಯ ತುದಿ ಸುಡುತ್ತದೆ. ಬಟ್ಟೆಯಲ್ಲಿ ಹಿಂಡಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಸಿದು, ಮತ್ತೊಮ್ಮೆ ತೊಳೆಯಿರಿ. ನಾರಿಗೆ ಅಂಟಿಕೊಂಡ ಸೋಡಿಯಂ ಬರೀ ನೀರಿಗೆ ಪೂರ್ತಿ ಬಿಡುವುದಿಲ್ಲ, ಕ್ಯಾಲ್ಸಿಯಂ ಅದರ ಜಾಗ ಹಿಡಿದು ಹೊರದೂಡುತ್ತದೆ.

ಕೋಕೋಪೀಟಿನ ದೊಡ್ಡ ಮೋಸವೆಂದರೆ ಮೇಲ್ಪದರ ಒಣಗಿ ತಿಳಿಬಣ್ಣಕ್ಕೆ ತಿರುಗಿದಾಗಲೂ ಒಳಗೆ ತೇವವಿರುತ್ತದೆ. ಬಣ್ಣ ನೋಡಬೇಡಿ, ಕುಂಡ ಎತ್ತಿ ತೂಕ ನೋಡಿ. ಕೋಕೋಪೀಟಿಗೆ ತನ್ನದೇ ಸಾರ ಕಡಿಮೆ. ಎರಡು ಮೂರು ತಿಂಗಳ ನಂತರ, ಗಿಡ ಚಿಗುರುತ್ತಿರುವಾಗ, ಹದಿನೈದು ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕೊಡಬೇಕು. ಪರ್ಲೈಟ್ ದುಬಾರಿ ಎನಿಸಿದರೆ ಸುಟ್ಟ ಭತ್ತದ ಹೊಟ್ಟು ಬಳಸಿ; ಅದು ಕಪ್ಪಗಿರಬೇಕು, ಬೂದಿಯಾಗಿದ್ದರೆ ಕ್ಷಾರ ಹೆಚ್ಚುತ್ತದೆ.

ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್‌ಗಳಿಗೆ ಎರಡೂ ಹೊಂದುವುದಿಲ್ಲ. ಕೆಂಪು ಮಣ್ಣು 1 ಪಾಲು, ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು 2, ಎರೆಹುಳು ಗೊಬ್ಬರ ಅರ್ಧ ಪಾಲು ಸಾಕು. ರಬ್ಬರ್ ಗಿಡಕ್ಕೆ ಕೋಕೋಪೀಟ್ ಮಿಶ್ರಣವೇ ಇರಲಿ, ಐದನೇ ಒಂದು ಪಾಲು ಕೆಂಪು ಮಣ್ಣು ಬೆರೆಸಿದರೆ ಕುಂಡ ಉರುಳುವುದಿಲ್ಲ.

ಯಾವ ಮಿಶ್ರಣಕ್ಕೂ ತಳದಲ್ಲಿ ಜಲ್ಲಿ ಹಾಸಬೇಡಿ. ನೀರು ಜಲ್ಲಿಗಿಳಿಯುವ ಮೊದಲು ಅದರ ಮೇಲಿನ ಪದರದಲ್ಲೇ ನಿಂತು, ಒದ್ದೆ ಭಾಗ ಬೇರಿನ ಹತ್ತಿರಕ್ಕೇ ಏರುತ್ತದೆ. ತೂತಿಗೆ ಒಂದು ತುಂಡು ಬಲೆ ಸಾಕು.

ನರ್ಸರಿಯಿಂದ ತಂದ ಗಿಡದ ಬೇರಿಗೆ ಕೆಂಪು ಮಣ್ಣಿನ ಗಟ್ಟಿ ಉಂಡೆ ಅಂಟಿದ್ದರೆ ಬಕೆಟ್ ನೀರಿನಲ್ಲಿ ನೆನೆಸಿ ಬಿಡಿಸಿಯೇ ಕೋಕೋಪೀಟಿಗೆ ನೆಡಿ. ಹಾಗೇ ನೆಟ್ಟರೆ ಹಾಕಿದ ನೀರೆಲ್ಲ ಸುತ್ತಲೇ ಇಳಿದು, ಒಣಗಿದ ಉಂಡೆಯೊಳಗಿನ ಬೇರಿಗೆ ಹನಿಯೂ ತಲುಪದಿರಬಹುದು.