ಮದುವೆ ಜವಳಿ ತೆಗೆದ ಅಂಗಡಿ: ಸೀರೆ ಚೆನ್ನ, ತೋರಿಸುವವರಿಗೆ ಕೂರಲು ಜಾಗವಿಲ್ಲ

ಮಗಳ ಮದುವೆಗೆ ಜವಳಿ ತೆಗೆಯಲೆಂದು ಕಳೆದ ತಿಂಗಳು ನಮ್ಮ ಮನೆಯ ಎಂಟು ಜನ ದಾವಣಗೆರೆಯ ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆವು. ಬೆಳಿಗ್ಗೆ 11 ಗಂಟೆಗೆ ಒಳಗೆ ಕಾಲಿಟ್ಟವರು ಹೊರಗೆ ಬಂದಾಗ ಸಂಜೆ ಆರೂವರೆ ದಾಟಿತ್ತು. ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕಂಡ ಕೊರತೆಯನ್ನು ನಾನು ಬೇರೆ ಊರುಗಳ ದೊಡ್ಡ ಅಂಗಡಿಗಳಲ್ಲಿಯೂ ಕಂಡಿದ್ದೇನೆ.

ಸರಕಿನ ವಿಷಯದಲ್ಲಿ ದೂರಿಲ್ಲ. ಧಾರೆಗೆ ಮೊಳಕಾಲ್ಮೂರು ರೇಷ್ಮೆ, ಬೀಗಿತ್ತಿಯರಿಗೆ ಕೊಡಲು ಇಳಕಲ್, ಮುಯ್ಯಿಗೆ ಸಾಧಾರಣ ಸೀರೆ, ಗಂಡುಮಕ್ಕಳಿಗೆ ಪಂಚೆ ಶಲ್ಯ, ಎಲ್ಲವೂ ಒಂದೇ ಸೂರಿನಡಿ ಸಿಕ್ಕಿತು. ಬೆಲೆಯಲ್ಲಿ ಚೌಕಾಸಿ ನಡೆಯುವುದಿಲ್ಲ, ಆದರೆ ಅದು ಹೆಚ್ಚೆನಿಸಲಿಲ್ಲ. ಬಿಲ್ಲಿನಲ್ಲಿ ತಪ್ಪಿರಲಿಲ್ಲ.

ನಮಗೆ ಸೀರೆ ತೋರಿಸಿದ ಹೆಣ್ಣುಮಗಳ ತಿಳಿವಳಿಕೆಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಳಕಲ್ ಎಂದು ಮಾರುವುದೆಲ್ಲ ಕೈಮಗ್ಗದ್ದಲ್ಲವೆಂಬ ಅನುಮಾನವನ್ನು ನಾನು ಹೇಳಿದಾಗ ಆಕೆ ಒಂದು ಸೀರೆಯನ್ನು ಮಗುಚಿ, ನನ್ನ ಬೆರಳನ್ನು ಹಿಡಿದು, ಮೈ ಮುಗಿದು ಕೆಂಪು ಸೆರಗು ಶುರುವಾಗುವ ಜಾಗದ ಮೇಲೆ ಇಟ್ಟಳು. ಮೈಯ ಹಾಸನ್ನೂ (ಉದ್ದಕ್ಕೆ ಹಾಯುವ ಎಳೆಗಳನ್ನು) ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಹೂಡಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಸಿಕ್ಕಿಸಿ ಜೋಡಿಸುವ ಆ ಕೊಂಡಿಯ ಸಾಲು ಬೆರಳಿಗೆ ಸಣ್ಣಗೆ ತಾಕಿತು. "ಇದು ಕೈಗೆ ಹತ್ತಿದ್ರೆ ತಗೊಳ್ರಿ, ಇಲ್ಲಾಂದ್ರೆ ಅಷ್ಟು ದುಡ್ಡು ಕೊಡಬ್ಯಾಡ್ರಿ" ಎಂದಳು. ಅಂಗಡಿಯ ಲಾಭವನ್ನು ಬದಿಗಿಟ್ಟು ಗಿರಾಕಿಗೆ ನಿಜ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಇಷ್ಟು ಬಲ್ಲವಳು ಆ ಏಳೂವರೆ ತಾಸಿನಲ್ಲಿ, ಊಟಕ್ಕೆ ಹೋದ ಇಪ್ಪತ್ತು ನಿಮಿಷವನ್ನು ಬಿಟ್ಟರೆ, ಒಮ್ಮೆಯೂ ಕೂರಲಿಲ್ಲ. ನಮಗೆ ಮೆತ್ತನೆಯ ಸ್ಟೂಲುಗಳಿದ್ದವು, ನೀರು ಬಂತು, ಬಾದಾಮಿ ಹಾಲು ಬಂತು. ಕೌಂಟರಿನ ಆ ಬದಿಯಲ್ಲಿ ಒಂದೂ ಸ್ಟೂಲು ಇರಲಿಲ್ಲ. ನನ್ನ ನಾದಿನಿ ಬಿಚ್ಚಿಸಿದ ಸೀರೆಗಳು ನೂರಕ್ಕೆ ಕಡಿಮೆಯಿರಲಿಕ್ಕಿಲ್ಲ. ಅವುಗಳಲ್ಲಿ ನಾವು ಕೊಂಡದ್ದು ಹದಿನಾಲ್ಕು. ಉಳಿದವನ್ನೆಲ್ಲ ಅಂಚಿಗೆ ಅಂಚು ಕೂಡಿಸಿ, ಮೊದಲಿನ ಮಡಿಕೆಯ ಗೆರೆಯ ಮೇಲೆಯೇ ಮಡಚಿ, ಏಣಿ ಹತ್ತಿ ಮೇಲಿನ ಗೂಡಿಗೆ ಸೇರಿಸುವ ಕೆಲಸ ನಾವು ಎದ್ದು ಬಂದ ಮೇಲೆ ಅವಳದೇ. ಆಕೆ ಏಣಿ ಹತ್ತುವಾಗ ಪಾದಗಳು ಕಂಡವು. ಚಪ್ಪಲಿಯನ್ನು ಹೊರಗೆ ಬಿಟ್ಟು ತಣ್ಣನೆಯ ಟೈಲ್ಸಿನ ಮೇಲೆ ನಿಂತೂ ನಿಂತೂ ಊದಿಕೊಂಡ ಆ ಪಾದಗಳಲ್ಲಿ ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ನಿಂತು ಪಾಠ ಹೇಳಿದ ನನಗೆ ಆ ಬಾವಿನ ನೋವು ಗೊತ್ತು, ಆದರೆ ನನಗೆ ತರಗತಿಯಲ್ಲಿ ಒಂದು ಕುರ್ಚಿಯಿತ್ತು.

ಸಂಬಳ ಕೇಳಿದೆ. ತಿಂಗಳಿಗೆ 11,000 ರೂಪಾಯಿ, ತಡವಾಗಿ ಬಂದರೆ ಅದರಲ್ಲಿ ಕಡಿತ. ನೂರು ಸೀರೆ ಬಿಚ್ಚಿಸಿ ಏನೂ ಕೊಳ್ಳದೆ ಎದ್ದುಹೋದ ಗಿರಾಕಿಗೆ ಯಾರೂ ಏನೂ ಹೇಳುವುದಿಲ್ಲ, "ಯಾಕೆ ಬಿಟ್ಟೆ" ಎಂಬ ಪ್ರಶ್ನೆ ಬರುವುದು ತೋರಿಸಿದವಳಿಗೆ.

ನಾನು ಚಿಕ್ಕವಳಿದ್ದಾಗ ಜವಳಿ ಅಂಗಡಿಯೆಂದರೆ ಬಿಳಿಯ ಗಾದಿ. ಗಿರಾಕಿಯೂ ಗಾದಿಯ ಮೇಲೆ, ಸೀರೆ ತೋರಿಸುವವನೂ ಗಾದಿಯ ಮೇಲೆ. ಎದುರುಬದುರು ಚಕ್ಕಂಬಕ್ಕಳ ಹಾಕಿ ಕೂತೇ ವ್ಯಾಪಾರ ನಡೆಯುತ್ತಿತ್ತು. ಗಾದಿ ಹೋಗಿ ಗಾಜಿನ ಕೌಂಟರು ಬಂದಾಗ ಕೂರುವ ಸೌಕರ್ಯ ಒಂದೇ ಬದಿಗೆ ಉಳಿಯಿತು. ನಾನು ಮಹಡಿಯ ಮ್ಯಾನೇಜರನ್ನು ಕೇಳಿದಾಗ, ನಿಂತು ತೋರಿಸಿದರೆ ಗಿರಾಕಿಗೆ ಮರ್ಯಾದೆ ಎಂದರು. ನಾನೂ ಗಿರಾಕಿಯೇ, ಆ ಮರ್ಯಾದೆ ನನಗೆ ಬೇಕಿಲ್ಲವೆಂದು ಅವರಿಗೆ ಹೇಳಿದ್ದೇನೆ.

ಇದು ಅತಿಯಾದ ಬೇಡಿಕೆಯೇನೂ ಅಲ್ಲ. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ ಸರ್ಕಾರ 2018ರಲ್ಲಿ ಅಂಗಡಿಗಳ ಕಾಯ್ದೆಯನ್ನು ತಿದ್ದಿ ಕೆಲಸಗಾರರಿಗೆ ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ರಾಜ್ಯದ 1961ರ ಕಾಯ್ದೆಯೂ ಐದು ತಾಸಿನ ದುಡಿಮೆಯ ನಂತರ ಒಂದು ತಾಸಿನ ಬಿಡುವು ಕೊಡಬೇಕೆಂದು ಹೇಳುತ್ತದೆ. ಆ ಇಪ್ಪತ್ತು ನಿಮಿಷದ ಊಟ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈ ಅಂಗಡಿಗೆ ಹೋಗಬೇಡಿ ಎಂದು ನಾನು ಹೇಳಲಾರೆ. ಗಿರಾಕಿ ತಪ್ಪಿದರೆ ಮೊದಲು ಪೆಟ್ಟು ಬೀಳುವುದು ಆ ಹೆಣ್ಣುಮಕ್ಕಳ ಮೇಲೆಯೇ. ಹೋಗುವವರು ವಾರದ ದಿನ ಬೆಳಿಗ್ಗೆಯೇ ಹೋಗಿ, ಬಣ್ಣ ಮತ್ತು ಬೆಲೆಯನ್ನು ಮನೆಯಲ್ಲಿಯೇ ನಿರ್ಧರಿಸಿಕೊಂಡು ಹೋಗಿ, ಬೇಡವೆನಿಸಿದ ಸೀರೆಯನ್ನು ಪೂರ್ತಿ ಬಿಚ್ಚುವ ಮೊದಲೇ ತಡೆಯಿರಿ. ಕುಪ್ಪಸದ ಬಟ್ಟೆಗಾಗಿ ಬರುವ ವಾರ ನಾನು ಮತ್ತೊಮ್ಮೆ ಹೋಗಬೇಕಿದೆ. ಈ ಸಲ ಮಾಲೀಕರನ್ನೇ ಕಂಡು ಸ್ಟೂಲುಗಳ ಮಾತನ್ನು ಕೇಳಿಕೊಂಡು ಬರುತ್ತೇನೆ.